ಎರಡು ಅಂಕದ ಆಟಗಾರ್ತಿ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



"ಈ ತಿಂಗಳು ನೀವು ಮಾತಾಡಬೇಕು, ವಿಷಯ ನಿಮ್ಮಿಷ್ಟ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು "ಬ್ಯಾಸ್ಕೆಟ್‌ಬಾಲ್" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಅಡುಗೆ, ಆರೋಗ್ಯ, ಮಕ್ಕಳ ಪರೀಕ್ಷೆ ಏನಾದರೂ..." ಎಂದರು. ನಾನು ಹಟ ಬಿಡಲಿಲ್ಲ. ನಮ್ಮ ಮನೆಯಲ್ಲಿ ನಡೆದ ಒಂದು ಲೆಕ್ಕಾಚಾರದ ಕಥೆ ಹೇಳುತ್ತೇನೆ. ಕೊನೆಯಲ್ಲಿ ಇದು ಯಾರ ವಿಷಯ ಎಂದು ನೀವೇ ಹೇಳಿ.

ನಾನು ದಾವಣಗೆರೆಯಲ್ಲಿ ಓದುವಾಗ ಕಾಲೇಜು ತಂಡದಲ್ಲಿದ್ದೆ. ಇದ್ದೆ ಎಂದರೆ ಬೆಂಚಿನ ಮೇಲೆ ಇದ್ದೆ! ಎಂ.ಟೆಕ್‌ಗೆ ಹೈದರಾಬಾದಿಗೆ ಬಂದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ಇಲ್ಲೇ ನಿಂತೆ. ಈಗ ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದು ಇಲ್ಲೇ ಬಿ.ಟೆಕ್ ಎರಡನೇ ವರ್ಷ ಓದುತ್ತಿದ್ದಾಳೆ. ಅವಳೂ ಕಾಲೇಜು ತಂಡದಲ್ಲಿದ್ದಾಳೆ. ನನಗಿಂತ ಚೆನ್ನಾಗಿ ಆಡುತ್ತಾಳೆ.

ಕಳೆದ ವರ್ಷ ಒಂದು ಅಂತರ ಕಾಲೇಜು ಪಂದ್ಯದಲ್ಲಿ ಅವಳ ತಂಡ 46–52ರಿಂದ ಸೋತಿತು. ಸ್ಕೋರ್‌ಶೀಟ್‌ನಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು 2 ಅಂಕ. ಆಡಿದ್ದು 22 ನಿಮಿಷ. ರಾತ್ರಿ ಊಟಕ್ಕೆ ಬರಲಿಲ್ಲ. ಮಾರನೆಯ ದಿನ ಶೂ ಒರೆಸಿ, ಡಬ್ಬಕ್ಕೆ ಹಾಕಿ, "ಚಿಕ್ಕಮ್ಮ, ಇನ್ನು ಬಿಟ್ಟುಬಿಡ್ತೀನಿ. ಇಪ್ಪತ್ತೆರಡು ನಿಮಿಷ ಓಡಾಡಿ ಎರಡು ಅಂಕ. ನನ್ನಿಂದ ಟೀಮಿಗೆ ಏನು ಉಪಯೋಗ?" ಎಂದಳು. ಊರಿನಿಂದ ಅಕ್ಕ ಫೋನ್ ಮಾಡಿ, "ಒಳ್ಳೆಯದೇ ಆಯ್ತು, ಓದಿಕೊಳ್ಳಲಿ" ಎಂದಳು.

ನಮ್ಮವರು ಆ ಪಂದ್ಯವನ್ನು ಪೂರ್ತಿ ಫೋನಿನಲ್ಲಿ ತೆಗೆದಿದ್ದರು. ನನ್ನ ವೃತ್ತಿಯೇ ಅಂಕಿ-ಅಂಶ. ನಿಜ ಹೇಳಬೇಕೆಂದರೆ, ಅವಳು ಒಳ್ಳೆಯ ಆಟಗಾರ್ತಿ ಎಂದು ಸಾಬೀತು ಮಾಡಲೇಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡು ಲೆಕ್ಕಕ್ಕೆ ಕೂತೆ. ಅದು ಲೆಕ್ಕ ಮಾಡುವವರು ಮಾಡಬಾರದ ಮೊದಲ ತಪ್ಪು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಂಗಳದಲ್ಲಿ ಒಂದು ತಂಡದ ಐವರು. ಹತ್ತು ನಿಮಿಷದ ನಾಲ್ಕು ಭಾಗ, ಒಟ್ಟು 40 ನಿಮಿಷ. ಯಾರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಒಂದು ಹೊತ್ತಿಗೆ ಅಂಗಳದಲ್ಲಿರುವ ಆ ಐವರಿಗೆ ಲೈನ್‌ಅಪ್ ಎನ್ನುತ್ತಾರೆ. ಹನ್ನೆರಡು ಜನರ ತಂಡದಿಂದ ಐವರನ್ನು 792 ರೀತಿಯಲ್ಲಿ ಆರಿಸಬಹುದು.

ಆಟಗಾರರನ್ನು ಅಳೆಯುವ ಸುಲಭದ ದಾರಿ ಅಂಕ. ಆದರೆ ಅಂಕ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಒಬ್ಬಳು 20 ಸಲ ಎಸೆದು 16 ಅಂಕ ತಂದಳು, ಇನ್ನೊಬ್ಬಳು 10 ಸಲ ಎಸೆದು 12 ತಂದಳು ಎಂದುಕೊಳ್ಳಿ. ಪತ್ರಿಕೆಯಲ್ಲಿ ಮೊದಲನೆಯವಳ ಹೆಸರು ಬರುತ್ತದೆ. ಆದರೆ ಚೆಂಡನ್ನು ಚೆನ್ನಾಗಿ ಬಳಸಿದವಳು ಎರಡನೆಯವಳು. ಅಮೆರಿಕದ ಡೀನ್ ಆಲಿವರ್ ಎಂಬವರು 2004ರಲ್ಲಿ ಬರೆದ ಪುಸ್ತಕದಲ್ಲಿ ಗೆಲುವನ್ನು ನಾಲ್ಕು ಅಂಶಗಳಾಗಿ ಬಿಡಿಸಿದರು: ಎಸೆತ ಎಷ್ಟು ಚೆನ್ನಾಗಿದೆ, ಚೆಂಡನ್ನು ಎಷ್ಟು ಸಲ ಕಳೆದುಕೊಂಡಿರಿ, ತಪ್ಪಿದ ಎಸೆತವನ್ನು ಎಷ್ಟು ಸಲ ಮರಳಿ ಹಿಡಿದಿರಿ, ಫ್ರೀ ಥ್ರೋ ಎಷ್ಟು ಗಿಟ್ಟಿಸಿದಿರಿ. ಮನೆಯ ಬಜೆಟ್ಟಿನಂತೆ ಎನ್ನಿ. ಸಂಬಳ ಎಷ್ಟು ಎನ್ನುವುದರ ಜೊತೆಗೆ ಸೋರಿಹೋದದ್ದೆಷ್ಟು, ಉಳಿಸಿದ್ದೆಷ್ಟು ಎಂದೂ ನೋಡಬೇಕು.

ಇದರ ಜೊತೆಗೆ ಪ್ಲಸ್-ಮೈನಸ್ ಎಂಬ ಇನ್ನೊಂದು ಅಳತೆಯಿದೆ. ಒಬ್ಬ ಆಟಗಾರ್ತಿ ಅಂಗಳದಲ್ಲಿದ್ದಷ್ಟು ಹೊತ್ತು ತನ್ನ ತಂಡ ಗಳಿಸಿದ ಅಂಕದಿಂದ ಎದುರಾಳಿ ಗಳಿಸಿದ್ದನ್ನು ಕಳೆಯುವುದು, ಅಷ್ಟೆ. ಅವಳು ಚೆಂಡು ಮುಟ್ಟಿದಳೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಎರಡು ರಾತ್ರಿ ಕೂತು, ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು, ಆಗ ಸ್ಕೋರ್ ಎಷ್ಟು ಎಂದು ಬರೆದುಕೊಂಡೆ. ಮೊದಲ ಫಲಿತಾಂಶ ಹೀಗಿತ್ತು. ಅವಳು ಆಡಿದ 22 ನಿಮಿಷದಲ್ಲಿ ನಮ್ಮವರು 29, ಎದುರಾಳಿ 24. ಅಂದರೆ ಪ್ಲಸ್ 5. ಅವಳು ಹೊರಗಿದ್ದ 18 ನಿಮಿಷದಲ್ಲಿ ನಮ್ಮವರು 17, ಎದುರಾಳಿ 28. ಅಂದರೆ ಮೈನಸ್ 11. ಸೋತ ಪಂದ್ಯದಲ್ಲಿ ಅವಳಿದ್ದಷ್ಟು ಹೊತ್ತು ತಂಡ ಗೆಲ್ಲುತ್ತಿತ್ತು!

ಆ ರಾತ್ರಿ ಒಂದೂವರೆ ಗಂಟೆಗೆ ಅವಳನ್ನು ಎಬ್ಬಿಸಿ ತೋರಿಸಬೇಕು ಎನ್ನುವಷ್ಟು ಖುಷಿಯಾಯಿತು. ಆದರೆ ಕಚೇರಿಯಲ್ಲಿ ಕಿರಿಯರಿಗೆ ನಾನೇ ಹೇಳುವ ಮಾತು ನೆನಪಾಯಿತು. ನಿನಗೆ ಬೇಕಾದ ಉತ್ತರ ಸಿಕ್ಕ ತಕ್ಷಣ ಇನ್ನೊಂದು ಪ್ರಶ್ನೆ ಕೇಳು. ಕೇಳಿಕೊಂಡೆ: ಅವಳಿದ್ದಾಗ ಜೊತೆಗೆ ಇನ್ಯಾರಿದ್ದರು?

ತಂಡದ ನಾಯಕಿ ಎತ್ತರದ ಹುಡುಗಿ, ಬಹಳ ಚೆನ್ನಾಗಿ ಆಡುತ್ತಾಳೆ. ಅವಳ ಜೊತೆಗಿದ್ದವರ ಪ್ಲಸ್-ಮೈನಸ್ ಸುಮ್ಮನೆ ಏರುತ್ತದೆ. ಅದಕ್ಕೆ 40 ನಿಮಿಷವನ್ನು ನಾಲ್ಕು ಪಾಲು ಮಾಡಿದೆ.

ಇಬ್ಬರೂ ಇದ್ದ 16 ನಿಮಿಷ: 25–16, ಪ್ಲಸ್ 9.
ನಮ್ಮ ಹುಡುಗಿ ಇದ್ದು ನಾಯಕಿ ಇಲ್ಲದ 6 ನಿಮಿಷ: 4–8, ಮೈನಸ್ 4.
ನಾಯಕಿ ಇದ್ದು ನಮ್ಮ ಹುಡುಗಿ ಇಲ್ಲದ 14 ನಿಮಿಷ: 15–19, ಮೈನಸ್ 4.
ಇಬ್ಬರೂ ಇಲ್ಲದ 4 ನಿಮಿಷ: 2–9, ಮೈನಸ್ 7.

ನಾಯಕಿಯ ದಯೆಯಿಂದ ನಮ್ಮ ಹುಡುಗಿ ಎನ್ನುವಂತಿಲ್ಲ, ಏಕೆಂದರೆ ಇವಳಿಲ್ಲದಾಗ ನಾಯಕಿಯೂ ಹಿಂದೆ ಬಿದ್ದಿದ್ದಾಳೆ. ನಮ್ಮ ಹುಡುಗಿಯೇ ದೊಡ್ಡವಳು ಎನ್ನುವಂತೆಯೂ ಇಲ್ಲ. ಗೆಲ್ಲುತ್ತಿದ್ದದ್ದು ಆ ಜೋಡಿ.

ಯಾಕೆ ಎಂದು ವಿಡಿಯೊ ಹೇಳಿತು. ನಮ್ಮ ಹುಡುಗಿ ನಾಯಕಿಯನ್ನು ಕಾಯುವ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾಳೆ. ಅದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಆ ಅರ್ಧ ಸೆಕೆಂಡಿನಲ್ಲಿ ನಾಯಕಿ ಬಿಡುವಾಗಿ ಎಸೆಯುತ್ತಾಳೆ. ಎಸೆತ ತಪ್ಪಿದರೆ ನಮ್ಮ ಹುಡುಗಿ ಎದುರಾಳಿಗೆ ಬೆನ್ನು ಕೊಟ್ಟು ತಡೆದು ನಿಲ್ಲುತ್ತಾಳೆ. ರಿಬೌಂಡ್ ಹಿಡಿಯುವವಳು ಇನ್ನೊಬ್ಬಳು. ಅಡ್ಡ ನಿಂತದ್ದಕ್ಕೂ ಬೆನ್ನು ಕೊಟ್ಟದ್ದಕ್ಕೂ ನಮ್ಮ ಸ್ಕೋರ್‌ಶೀಟ್‌ನಲ್ಲಿ ಕಾಲಂ ಇಲ್ಲ.

ಮೈನಸ್ 4ರ ಕಾರಣವೂ ಅಲ್ಲೇ ಇತ್ತು. ನಾಯಕಿ ಹೊರಗಿದ್ದಾಗ ಚೆಂಡು ಸಾಗಿಸುವ ಹೊಣೆ ಇವಳ ಮೇಲೆ ಬಿತ್ತು. ಆ ಆರು ನಿಮಿಷದಲ್ಲಿ ಮೂರು ಸಲ ಚೆಂಡು ಕಳೆದುಕೊಂಡಳು. ಮೂರೂ ಸಲ ಎಡಗಡೆಗೆ ತಿರುಗಿದಾಗ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಒಂದು ಪಂದ್ಯದ ಪ್ಲಸ್-ಮೈನಸ್ ಬಹಳ ದುರ್ಬಲ ಸಾಕ್ಷಿ. ಆ ದಿನ ಅವರ ತಂಡ 11 ಬೇರೆ ಬೇರೆ ಲೈನ್‌ಅಪ್ ಆಡಿಸಿತ್ತು. ಸರಾಸರಿ ಒಂದಕ್ಕೆ ನಾಲ್ಕು ನಿಮಿಷವೂ ಇಲ್ಲ. ಎದುರಾಳಿಯ ಒಬ್ಬಳು ಅದೃಷ್ಟಕ್ಕೆ ಎರಡು ಮೂರಂಕದ ಎಸೆತ ಹಾಕಿದರೆ ಲೆಕ್ಕವೇ ತಲೆಕೆಳಗು. ಅಂಕಿ ಎಲ್ಲಿ ನೋಡಬೇಕು ಎಂದು ತೋರಿಸುತ್ತದೆ. ನೋಡುವ ಕೆಲಸ ನಮ್ಮದೇ.

ದೊಡ್ಡ ಅಂಗಳದ ಒಂದು ಉದಾಹರಣೆ ಕೊಡುತ್ತೇನೆ. 2024ರ ಏಪ್ರಿಲ್ 7ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕಾಲೇಜು ಮಹಿಳೆಯರ ಎನ್‌ಸಿಎಎ ಫೈನಲ್. ಒಂದು ಕಡೆ ಅಯೋವಾ, ಕೇಟ್ಲಿನ್ ಕ್ಲಾರ್ಕ್ ಅವರ ತಂಡ. ಇನ್ನೊಂದು ಕಡೆ ಡಾನ್ ಸ್ಟೇಲಿ ತರಬೇತಿಯ ಸೌತ್ ಕೆರೊಲಿನಾ. ಕ್ಲಾರ್ಕ್ ಮೊದಲ ಹತ್ತು ನಿಮಿಷದಲ್ಲೇ 18 ಅಂಕ, ಒಟ್ಟು 30 ಅಂಕ ಗಳಿಸಿದರು. ಆದರೂ ಸೌತ್ ಕೆರೊಲಿನಾ 87–75ರಿಂದ ಗೆದ್ದಿತು, ಆ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ 38ಕ್ಕೆ 38.

ಹೇಗೆ? ಬೆಂಚಿನಿಂದ ಬಂದವರು ಗಳಿಸಿದ ಅಂಕ ಸೌತ್ ಕೆರೊಲಿನಾಗೆ 37, ಅಯೋವಾಗೆ ಸೊನ್ನೆ. ಅಂದರೆ ಅಯೋವಾದ 75 ಅಂಕವೂ ಮೊದಲ ಐವರದ್ದೇ. ಮೊದಲ ಐವರ ಅಂಕವನ್ನಷ್ಟೇ ಕೂಡಿದರೆ ಅಯೋವಾ 75, ಸೌತ್ ಕೆರೊಲಿನಾ 50! ರಿಬೌಂಡ್‌ಗಳು 51–29. ಬೆಂಚಿನಿಂದ ಬಂದ ಟೆಸ್ಸಾ ಜಾನ್ಸನ್ ಎಂಬ ಮೊದಲ ವರ್ಷದ ವಿದ್ಯಾರ್ಥಿನಿ 19 ಅಂಕ ಗಳಿಸಿ ತನ್ನ ತಂಡದಲ್ಲೇ ಎಲ್ಲರಿಗಿಂತ ಮುಂದಿದ್ದರು.

ಅದೇ ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ 1993ರವರೆಗೂ ಹುಡುಗಿಯರಿಗೆ ಬೇರೆಯೇ ನಿಯಮವಿತ್ತು. ತಂಡಕ್ಕೆ ಆರು ಜನ. ಮೂವರು ಎಸೆಯುವವರು, ಮೂವರು ತಡೆಯುವವರು. ನಡುಗೆರೆ ದಾಟುವಂತಿಲ್ಲ. ತಡೆಯುವವರಿಗೆ ಎಸೆಯುವ ಅವಕಾಶವೇ ಇಲ್ಲ. ಇಡೀ ಹೈಸ್ಕೂಲು ಆಡಿ, ಗೆದ್ದು, ಒಂದೂ ಅಂಕವಿಲ್ಲದೆ ಹೊರಬಂದ ಹುಡುಗಿಯರು ಅಲ್ಲಿ ತಲೆಮಾರುಗಟ್ಟಲೆ ಇದ್ದರು. ಅವರ ಲೆಕ್ಕ ಯಾವ ಶೀಟಿನಲ್ಲಿದೆ?

ನಮ್ಮೂರಿಗೇ ಬರೋಣ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಬಿ ವಿಭಾಗದ ಫೈನಲ್ ನಡೆಯಿತು. ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. ಅಂತರ ಎಷ್ಟು? ಎರಡು ಅಂಕ. ನಮ್ಮ ಹುಡುಗಿ ನಾಚಿಕೆಪಟ್ಟದ್ದೂ ಎರಡೇ ಅಂಕಕ್ಕೆ.

ಈಗ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಈ ಮಾತು ಒಪ್ಪಿಕೊಂಡದ್ದೇ ಅದಕ್ಕಾಗಿ.

ನಾಲ್ಕು ವರ್ಷದ ಹಿಂದೆ, ಒಂದು ಕಂಪನಿಯಲ್ಲಿ, ನಾನು ಮೊದಲ ಸಲ ಟೀಮ್ ಲೀಡ್ ಆದೆ. ವರ್ಷದ ಕೊನೆಗೆ ಅಪ್ರೈಸಲ್. ಯಾರು ಎಷ್ಟು ಟಿಕೆಟ್ ಮುಗಿಸಿದರು ಎಂಬ ಪಟ್ಟಿ ತೆಗೆದೆ. ಒಬ್ಬ ಸಹೋದ್ಯೋಗಿಯದ್ದು ಎಲ್ಲರಿಗಿಂತ ಕಡಿಮೆ. ಇಬ್ಬರು ಮಕ್ಕಳ ತಾಯಿ, ಮಿತಭಾಷಿ. ಕಡಿಮೆ ರೇಟಿಂಗ್ ಕೊಟ್ಟೆ. ಅವರು ವಾದಿಸಲಿಲ್ಲ. ಮೂರು ತಿಂಗಳಲ್ಲಿ ಕೆಲಸ ಬಿಟ್ಟರು. ಅವರು ಹೋದ ಮೇಲೆ ಉಳಿದವರ ಟಿಕೆಟ್‌ಗಳೂ ನಿಧಾನವಾದವು. ಹೊಸಬರಿಗೆ ಕಲಿಸುತ್ತಿದ್ದವರು, ಇತರರ ಕೋಡ್‌ನಲ್ಲಿ ತಪ್ಪು ಹುಡುಕಿಕೊಡುತ್ತಿದ್ದವರು, ರಾತ್ರಿ ಸರ್ವರ್ ನಿಂತರೆ ಫೋನ್ ಎತ್ತುತ್ತಿದ್ದವರು ಅವರೇ. ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಕಾಲಂ ಮಾಡಬೇಕಾದವಳು ನಾನೇ ಆಗಿದ್ದೆ.

ಅಂಗಳದ ಆ ನಾಲ್ಕು ಸಾಲಿನ ಲೆಕ್ಕ ಬರೆದು ಮುಗಿಸಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಆ ಭಾನುವಾರ ಅವರಿಗೆ ಫೋನ್ ಮಾಡಿ, ನಾನು ಅಳೆದದ್ದು ತಪ್ಪಾಗಿತ್ತು ಎಂದೆ. "ಅಯ್ಯೋ, ಅದೆಲ್ಲ ಈಗ್ಯಾಕೆ ಬಿಡಿ" ಎಂದರು. ಸ್ವಲ್ಪ ಹೊತ್ತಿನ ನಂತರ, "ಆಗ ಹೇಳಿದ್ದರೆ ಚೆನ್ನಾಗಿತ್ತು" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಈಗ ಅಪ್ರೈಸಲ್ ಮಾಡುವಾಗ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ಈ ವರ್ಷ ನಿಮ್ಮ ಕೆಲಸ ಯಾರಿಂದ ಸುಲಭವಾಯಿತು? ಪಟ್ಟಿಯಲ್ಲಿ ಕಾಣದ ಹೆಸರುಗಳು ಆಗ ಬರುತ್ತವೆ.

ನಮ್ಮ ಹುಡುಗಿಗೆ ಪೂರ್ತಿ ಲೆಕ್ಕ ತೋರಿಸಿದೆ. ಪ್ಲಸ್ 9 ಮಾತ್ರ ತೋರಿಸಿ ಮೈನಸ್ 4 ಮುಚ್ಚಿಡುವ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಮೂರು ಸಲ ಚೆಂಡು ಕಳೆದದ್ದನ್ನು ನೋಡಿ ಅವಳಿಗೆ ಸಿಟ್ಟು ಬಂತು. "ನೀವು ನನ್ನ ಪರ ಅಂದ್ಕೊಂಡಿದ್ದೆ ಚಿಕ್ಕಮ್ಮ" ಎಂದಳು. "ನಿನ್ನ ಪರವಾಗೇ ಇದು" ಎಂದೆ. ಸಂಜೆ ತಾನೇ ಬಂದು ಆ ವಿಡಿಯೊ ಮತ್ತೆ ಹಾಕಿಸಿಕೊಂಡಳು. ತಾನು ಸ್ಕ್ರೀನ್ ನಿಂತ ಜಾಗಗಳನ್ನು ಮೂರು ಸಲ ನೋಡಿದಳು. "ಇದು ನಾನಾ?" ಎಂದಳು.

ಕೋಚ್ ಹತ್ತಿರ ಈ ಹಾಳೆ ತೆಗೆದುಕೊಂಡು ಹೋಗಿ ಜಗಳ ಮಾಡಬೇಡ, ಒಂದು ಪಂದ್ಯದ ಲೆಕ್ಕ ಇದು ಎಂದಿದ್ದೆ. ಆದರೂ ತೆಗೆದುಕೊಂಡು ಹೋದಳು. ಅವರು ನೋಡಿ ನಕ್ಕು, "ಆರು ನಿಮಿಷದ ಲೆಕ್ಕ ಬದಿಗಿಡು. ಎಡಗೈ ಡ್ರಿಬಲ್ ಕಲಿ" ಎಂದರಂತೆ. ನನ್ನ ಎರಡು ರಾತ್ರಿಯ ಕೆಲಸ ಅವರು ಕಣ್ಣಲ್ಲೇ ಮಾಡಿ ಮುಗಿಸಿದ್ದರು! ಈಗ ಬೆಳಗ್ಗೆ ಐದೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಎಡಗೈಯಿಂದ ಚೆಂಡು ಬಡಿಯುವ ಸದ್ದು. ಕೆಳಗಿನ ಮನೆಯವರ ದೂರು ಬಂದಿದೆ. ಮುಂದಿನ ಋತುವಿನಲ್ಲಿ ಮೊದಲ ಐವರಲ್ಲಿ ಇರುತ್ತಾಳೋ ಇಲ್ಲವೋ ಗೊತ್ತಿಲ್ಲ. ಶೂ ಡಬ್ಬದಿಂದ ಹೊರಗೆ ಬಂದಿದೆ.

ನಿಮ್ಮ ಮಕ್ಕಳು ಯಾವ ತಂಡದ ಆಟ ಆಡಿದರೂ ಇದನ್ನು ನೀವೂ ಮಾಡಬಹುದು. ಕಂಪ್ಯೂಟರ್ ಬೇಡ. ಒಂದು ನೋಟ್‌ಬುಕ್, ಒಂದು ಗಡಿಯಾರ. ಯಾರಾದರೂ ಒಳಗೆ-ಹೊರಗೆ ಹೋದಾಗಲೆಲ್ಲ ಸಮಯ, ಸ್ಕೋರ್, ಅಂಗಳದಲ್ಲಿರುವವರ ಹೆಸರು ಬರೆಯಿರಿ. ಕನಿಷ್ಠ ಎಂಟು ಹತ್ತು ಪಂದ್ಯ ಆಗುವವರೆಗೆ ತೀರ್ಪು ಕೊಡಬೇಡಿ. ಮಗು ಮನೆಗೆ ಬಂದಾಗ "ಎಷ್ಟು ಅಂಕ?" ಎಂದು ಮೊದಲು ಕೇಳುವ ಬದಲು "ಇವತ್ತು ಯಾರಿಗೆ ಸಹಾಯ ಮಾಡಿದೆ?" ಎಂದು ಕೇಳಿ ನೋಡಿ.

ನಮ್ಮ ಸಂಘದ ಕ್ರೀಡಾದಿನದ ಥ್ರೋಬಾಲ್‌ಗೆ ಈ ಸಲ ನಾನೇ ಲೆಕ್ಕ ಬರೆಯುತ್ತೇನೆ. ಹೆದರಬೇಡಿ, ಫಲಿತಾಂಶ ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ. ಆದರೆ ಸೇವಂತಿಗೆ ಹಾರ ಕಟ್ಟಿದವರು, ಕುರ್ಚಿ ಜೋಡಿಸಿದವರು, ನಾನು ಇಲ್ಲಿ ಮಾತಾಡುತ್ತಿರುವಾಗ ಹಿಂದಿನ ಕೋಣೆಯಲ್ಲಿ ಕಾಫಿ ಸೋಸುತ್ತಿರುವವರು, ಅವರ ಹೆಸರೂ ಆ ನೋಟ್‌ಬುಕ್ಕಿನಲ್ಲಿ ಇರುತ್ತದೆ.