ರಂದಾ ಮೆಷಿನ್ನು, ಎರಡು ಕಾಗದ ಮತ್ತು ಒಂದು ಕೈಪಿಡಿ

(ಮ್ಯೂನಿಕ್‌ನಲ್ಲಿ ನಮ್ಮ ಕನ್ನಡ ಗೆಳೆಯರ ತಿಂಗಳ ಭೇಟಿಯಲ್ಲಿ ಆಡಿದ ಮಾತಿನ ಬರಹ ರೂಪ)



ಹೋದ ತಿಂಗಳು ಇದೇ ಜಾಗದಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಮಾತಾಯ್ತು. ಈ ಸಲ ಮರಗೆಲಸದ ಮೆಷಿನ್ ಬಗ್ಗೆ ಮಾತಾಡ್ತೀನಿ ಅಂದಾಗ ಕೆಲವರು ನಕ್ಕರು. ಮುಂದಿನ ಸಾಲಿನಲ್ಲಿ ಕೂತಿರೋ ನಾಲ್ಕು ಜನ ಮಾತ್ರ ನಗಲಿಲ್ಲ. ಯಾಕಂದ್ರೆ 130 ಕಿಲೋ ತೂಕದ ಆ ಮೆಷಿನ್ನನ್ನು ರಸ್ತೆಯಿಂದ ನನ್ನ ನೆಲಮಾಳಿಗೆಗೆ ಹೊತ್ತು ಇಳಿಸಿದವರು ಅವರೇ. ಇಲ್ಲಿ ಭಾರದ ಸಾಮಾನು ತರುವ ಲಾರಿಯವನು ಪಾದಚಾರಿ ಹಾದಿಯ ಅಂಚಿಗೆ ಇಳಿಸಿ ಸಹಿ ಹಾಕಿಸಿಕೊಂಡು ಹೋಗ್ತಾನೆ. ಅಲ್ಲಿಂದ ಮುಂದೆ ನಿಮ್ಮ ಬೆನ್ನು, ನಿಮ್ಮ ಗೆಳೆಯರ ಬೆನ್ನು.

ನಮ್ಮಜ್ಜ ಸಾಗರದ ಕಡೆಯ ಆಚಾರಿ. ದೊಡ್ಡಪ್ಪನ ಮಗ, ನನಗೆ ಅಣ್ಣ, ಇವತ್ತಿಗೂ ಅದೇ ಕೆಲಸ ಮಾಡ್ತಾನೆ. ನಾನು ಇಂಜಿನಿಯರಿಂಗ್ ಓದಿ ಕೋಡ್ ಬರೆಯೋಕೆ ಬಂದೆ. ಮರದ ವಾಸನೆ ಮಾತ್ರ ಬಿಟ್ಟು ಹೋಗಲಿಲ್ಲ. ಹಾಗಾಗಿ ವಾರಾಂತ್ಯಕ್ಕೆ ಅಂತ ಒಂದು ಪ್ಲೇನರ್-ಥಿಕ್ನೆಸರ್ ತರಿಸಿದೆ. ನಮ್ಮೂರ ಕಡೆ ರಂದಾ ಮೆಷಿನ್ ಅಂತಾರೆ. ಮೇಲಿನ ಮೇಜಿನ ಮೇಲೆ ಹಲಗೆ ತಳ್ಳಿದರೆ ಒಂದು ಮುಖ ಸಮ ಆಗುತ್ತೆ, ಕೆಳಗಡೆಯಿಂದ ಹಾಯಿಸಿದರೆ ಬೇಕಾದ ದಪ್ಪಕ್ಕೆ ಬರುತ್ತೆ. ಬೆಲೆ 1,390 ಯೂರೋ. ಅಂತರ್ಜಾಲದಲ್ಲೇ ಕೊಂಡಿದ್ದು. ಅಂಗಡಿಯ ಹೆಸರು ಹೇಳೋದಿಲ್ಲ, ಅವರನ್ನು ಬೈಯೋಕೆ ನಾನು ನಿಂತಿಲ್ಲ.

ಮೊದಲ ತಪ್ಪು ನನ್ನದೇ. ಆಫೀಸಿನಲ್ಲಿ ರಿಲೀಸ್ ಇತ್ತು, ಮೆಷಿನ್ ಮೂರು ವಾರ ಪೆಟ್ಟಿಗೆಯಲ್ಲೇ ಕೂತಿತ್ತು. ಅಂತರ್ಜಾಲದಲ್ಲಿ ಕೊಂಡದ್ದನ್ನು ಯಾವ ಕಾರಣವನ್ನೂ ಕೊಡದೆ ವಾಪಸ್ ಮಾಡೋಕೆ ಇಲ್ಲಿ 14 ದಿನ ಇರುತ್ತೆ. ಅದು ಕಳೆದು ಹೋಯ್ತು. ಭಾರದ ಸಾಮಾನು ಕೊಂಡರೆ ಅವತ್ತೇ ಪೆಟ್ಟಿಗೆ ಒಡೆಯಿರಿ. ಲಾರಿಯವನ ಕಾಗದಕ್ಕೆ ಸಹಿ ಹಾಕುವ ಮೊದಲು ಪೆಟ್ಟಿಗೆ ಜಜ್ಜಿದೆಯಾ ನೋಡಿ, ಜಜ್ಜಿದ್ದರೆ ಅದನ್ನು ಅದೇ ಕಾಗದದ ಮೇಲೆ ಬರೆಯಿರಿ, ಫೋಟೋ ತೆಗೆಯಿರಿ.

ಆಮೇಲೆ ಮೆಷಿನ್ ಕೂರಿಸಿ ಒಂದು ಬೀಚ್ ಮರದ ಹಲಗೆ ಹಾಯಿಸಿದೆ. ಅಂಚು ನಡುವೆ ಹಳ್ಳ ಬಿತ್ತು. ಇನ್ನೊಂದು ಹಲಗೆ, ಮತ್ತೆ ಹಳ್ಳ. ರಂದಾ ಮೆಷಿನ್ನಿನಲ್ಲಿ ಬ್ಲೇಡಿನ ಹಿಂದೊಂದು ಮುಂದೊಂದು ಎರಡು ಮೇಜು ಇರುತ್ತವೆ. ಅವೆರಡೂ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ನೀವು ಎಷ್ಟೇ ನಾಜೂಕಾಗಿ ತಳ್ಳಿದರೂ ಹಲಗೆ ನೇರ ಬರೋದಿಲ್ಲ. ಉದ್ದನೆಯ ಸ್ಟೀಲ್ ಪಟ್ಟಿ ಇಟ್ಟು, ಫೀಲರ್ ಗೇಜ್ ತೂರಿಸಿ ನೋಡಿದೆ. ಮೇಜಿನ ತುದಿಯಲ್ಲಿ 0.6 ಮಿಲಿಮೀಟರ್ ವ್ಯತ್ಯಾಸ. ಹೊಂದಿಸುವ ಸ್ಕ್ರೂ ಕೊನೆ ಮುಟ್ಟಿದೆ, ಇನ್ನು ತಿರುಗೋದಿಲ್ಲ. ಅದನ್ನು ಹಿಡಿದಿರುವ ಬೀಡು ಕಬ್ಬಿಣದ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು.

ಫೋನ್ ಮಾಡಿದೆ. ಮೊದಲ ಸಲ 'ಫೋಟೋ ಕಳಿಸಿ' ಅಂದರು. ಕಳಿಸಿದೆ. ಎಂಟು ದಿನ ಆದಮೇಲೆ 'ಇಷ್ಟು ವ್ಯತ್ಯಾಸ ಇರುವಂಥದ್ದೇ' ಅಂತ ಉತ್ತರ. ಮತ್ತೆ ಫೋನ್ ಮಾಡಿದರೆ 'ಅದು ತಯಾರಕರ ವಿಷಯ, ಅವರನ್ನು ಕೇಳಿ'. ತಯಾರಕರನ್ನು ಕೇಳಿದರೆ 'ಮಾರಿದವರನ್ನು ಕೇಳಿ'. ಕಡೆಗೆ ಮಾರಿದವರು ಅಂದಿದ್ದು: 'ಮೂಲ ಪೆಟ್ಟಿಗೆಯಲ್ಲಿ ಕಟ್ಟಿ, ನಿಮ್ಮ ಖರ್ಚಿನಲ್ಲಿ ಕಳಿಸಿಕೊಡಿ, ನೋಡೋಣ'. 130 ಕಿಲೋ! ನಾನು ಮುಂದಿನ ಸಾಲಿನ ಈ ನಾಲ್ಕು ಜನರ ಮುಖ ನೆನೆಸಿಕೊಂಡೆ.

ಇಂಥ ಹೊತ್ತಿನಲ್ಲಿ ನಮ್ಮವರು ಸಾಮಾನ್ಯವಾಗಿ ಏನು ಮಾಡ್ತೀವಿ? 'ಹೋಗಲಿ ಬಿಡು, ಪರದೇಶ, ಭಾಷೆ ಬೇರೆ ಸರಿಯಾಗಿ ಬರಲ್ಲ' ಅಂತ ಸುಮ್ಮನಾಗ್ತೀವಿ. ನಾನೂ ಸುಮ್ಮನಾಗುವವನೇ. ಪಕ್ಕದ ಮನೆಯಲ್ಲಿ ನಿವೃತ್ತ ಬಡಗಿಯೊಬ್ಬರಿದ್ದಾರೆ, ಈ ಊರಿನ ಲೆಕ್ಕದಲ್ಲಿ ಪರೀಕ್ಷೆ ಪಾಸು ಮಾಡಿದ ಮೇಸ್ತ್ರಿ. ಅವರು ನೆಲಮಾಳಿಗೆಗೆ ಬಂದು ಮೇಜಿನ ಮೇಲೆ ಕೈಯಾಡಿಸಿ, ಬಿರುಕು ನೋಡಿ, ಒಂದೇ ಮಾತು ಹೇಳಿದರು: ಫೋನ್ ಮಾಡಬೇಡಿ, ಕಾಗದ ಬರೆಯಿರಿ.

ಅವರು ಹೇಳಿಕೊಟ್ಟಿದ್ದನ್ನೂ ನಾನು ಓದಿಕೊಂಡಿದ್ದನ್ನೂ ಸೇರಿಸಿ ಹೇಳ್ತೀನಿ, ಇಲ್ಲಿ ಯಾರಿಗಾದರೂ ಬೇಕಾಗುತ್ತೆ. ಜರ್ಮನಿಯಲ್ಲಿ 'ಗರಂಟೀ' ಬೇರೆ, 'ಗೆವೇರ್‌ಲೈಸ್ಟುಂಗ್' ಬೇರೆ. ಗರಂಟೀ ಅನ್ನೋದು ತಯಾರಕ ತಾನಾಗಿ ಕೊಡುವ ಮಾತು, ಅವನಿಷ್ಟ. ಗೆವೇರ್‌ಲೈಸ್ಟುಂಗ್ ಕಾನೂನು ಹೊರಿಸಿದ ಹೊಣೆ, ಅದು ಮಾರಿದವನ ಮೇಲೆ ಇರುತ್ತೆ, ಹೊಸ ಸಾಮಾನಿಗೆ ಎರಡು ವರ್ಷ. 'ತಯಾರಕರನ್ನು ಕೇಳಿ' ಅಂತ ಅಂಗಡಿಯವನು ಜಾರಿಕೊಳ್ಳುವ ಹಾಗಿಲ್ಲ. 2022ರ ಜನವರಿ 1ರಿಂದ ಈಚೆಗೆ ಕೊಂಡ ಸಾಮಾನಾದರೆ, ಮೊದಲ ಒಂದು ವರ್ಷದೊಳಗೆ ಕಂಡ ದೋಷ ಮೊದಲಿಂದಲೇ ಇತ್ತು ಅಂತಲೇ ಲೆಕ್ಕ. ಇರಲಿಲ್ಲ ಅಂತ ತೋರಿಸುವ ಭಾರ ಅಂಗಡಿಯದು. ಮೊದಲು ಇದು ಆರು ತಿಂಗಳಿತ್ತು. ದುರಸ್ತಿ ಬೇಕೋ ಹೊಸದು ಬೇಕೋ ಅನ್ನುವ ಆಯ್ಕೆ ಕೊಂಡವನದು. ಸಾಗಿಸುವ ಖರ್ಚು ಮಾರಿದವನದು, ಸಿವಿಲ್ ಸಂಹಿತೆಯ 439ನೇ ಕಲಂ ಹಾಗಂತ ಹೇಳುತ್ತೆ. ಪೆಟ್ಟಿಗೆ ಎಸೆದಿದ್ದರೂ ಈ ಹಕ್ಕು ಹೋಗೋದಿಲ್ಲ. 2019ರ ಮೇ ತಿಂಗಳಲ್ಲಿ ಐರೋಪ್ಯ ನ್ಯಾಯಾಲಯ ಒಂದು ದೊಡ್ಡ ಡೇರೆಯ ಮೊಕದ್ದಮೆಯಲ್ಲಿ, ಭಾರವಾದ ವಸ್ತುವನ್ನು ಸಾಗಿಸೋದು ಗ್ರಾಹಕನಿಗೆ ದೊಡ್ಡ ತೊಂದರೆಯಾಗುವಂತಿದ್ದರೆ ಅವನು ಅದನ್ನು ಕಳಿಸಬೇಕಿಲ್ಲ ಅನ್ನುವ ದಾರಿಯನ್ನೂ ತೋರಿಸಿದೆ.

ಗ್ರಾಹಕ ಕೇಂದ್ರದವರ ತಾಣದಲ್ಲಿ ಮಾದರಿ ಕಾಗದಗಳು ಸಿಗ್ತವೆ. ಅದನ್ನೇ ತಿದ್ದಿ ನನ್ನ ಹರಕು ಜರ್ಮನ್‌ನಲ್ಲಿ ಒಂದು ಪುಟ ಬರೆದೆ. ದೋಷ ಇದು, ಅಳತೆ ಇದು, ಹೊಸದು ಬೇಕು, ಇಂಥ ತಾರೀಖಿನೊಳಗೆ. 'ಬೇಗ' ಅಂತ ಬರೆಯೋದಕ್ಕಿಂತ ತಾರೀಖು ಹಾಕೋದು ಒಳ್ಳೆಯದು. ಬೈಗುಳ ಇಲ್ಲ, ನನ್ನ ನೋವಿನ ಕಥೆ ಇಲ್ಲ. ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ನಾಲ್ಕೇ ದಿನಕ್ಕೆ ಫೋನ್ ಬಂತು, ಮೊದಲ ಬಾರಿಗೆ ಅವರಾಗೇ ಮಾಡಿದ್ದು: '10 ಪರ್ಸೆಂಟ್ ಬಿಟ್ಟುಕೊಡ್ತೀವಿ, ಇಟ್ಟುಕೊಳ್ಳಿ'. 139 ಯೂರೋ! ಬಾಯಲ್ಲಿ ನೀರು ಬಂತು ಅಂತ ಒಪ್ಪಿಕೊಳ್ತೀನಿ. ಆದರೆ ಹಳ್ಳ ಬೀಳಿಸುವ ರಂದಾ 139 ಯೂರೋ ಕಮ್ಮಿಗೆ ಸಿಕ್ಕಿದರೂ ಹಳ್ಳವನ್ನೇ ಬೀಳಿಸುತ್ತೆ. ಬೇಡ ಅಂದೆ. ತಾರೀಖು ಮೀರಿತು, ಎರಡನೇ ಕಾಗದ ಹೋಯ್ತು: ಇನ್ನು ಕರಾರು ಮುರಿದು ಪೂರ್ತಿ ದುಡ್ಡು ವಾಪಸ್ ಕೇಳ್ತೀನಿ ಅಂತ. ಒಂಬತ್ತನೇ ದಿನ ಇಬ್ಬರು ಆಳು ಬಂದು, ನೆಲಮಾಳಿಗೆಯಿಂದ ಹಳೆಯದನ್ನು ಹೊತ್ತು, ಹೊಸದನ್ನು ಇಳಿಸಿ ಹೋದರು.

ಇಷ್ಟೇ ಆಗಿದ್ದರೆ ನಾನಿಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಂದು ವಿಷಯ ಇದೆ.

ಮೆಷಿನ್ ಜೊತೆ ಬಂದ ಕೈಪಿಡಿ ಜರ್ಮನ್‌ನಲ್ಲಿ ಮಾತ್ರ ಇತ್ತು. ಇಂಗ್ಲಿಷ್ ಇಲ್ಲವಲ್ಲ ಅಂತ ನಾನು ಗೊಣಗಿದೆ. ಪಕ್ಕದ ಮನೆಯವರು ಅಚ್ಚರಿಯಿಂದ ನನ್ನ ಮುಖ ನೋಡಿದರು. 'ಇಲ್ಲಿ ಮಾರುವ ಮೆಷಿನ್ನಿಗೆ ಕೈಪಿಡಿ ಜರ್ಮನ್‌ನಲ್ಲಿ ಇಲ್ಲದಿದ್ದರೆ ಅದನ್ನು ಮಾರೋದೇ ತಪ್ಪು' ಅಂದರು. ಅದು ಅವರ ಅಭಿಮಾನದ ಮಾತು ಅಂದುಕೊಂಡೆ. ನೋಡಿದರೆ ಕಾನೂನು. ಯುರೋಪ್ ಒಕ್ಕೂಟದ 2006ರ ಯಂತ್ರ ನಿರ್ದೇಶನ, 2009ರ ಡಿಸೆಂಬರ್ ಕೊನೆಯಿಂದ ಜಾರಿಗೆ ಬಂದದ್ದು, ಯಂತ್ರ ಯಾವ ದೇಶದಲ್ಲಿ ಮಾರಾಟಕ್ಕೆ ಬರುತ್ತೋ ಆ ದೇಶದ ಆಡಳಿತ ಭಾಷೆಯಲ್ಲಿ ಕೈಪಿಡಿ ಇರಲೇಬೇಕು ಅನ್ನುತ್ತೆ. ಇದರ ಜಾಗಕ್ಕೆಂದು 2023ರಲ್ಲಿ ಮಾಡಿದ ಹೊಸ ನಿಯಮ ಜಾರಿಯಾಗುವ ದಿನ 2027ರ ಜನವರಿ 20. ಅದರಲ್ಲೂ ಬಳಸುವವರಿಗೆ ಸುಲಭವಾಗಿ ತಿಳಿಯುವ, ಆಯಾ ದೇಶ ಗೊತ್ತುಮಾಡಿದ ಭಾಷೆಯಲ್ಲಿ ಕೈಪಿಡಿ ಇರಬೇಕು. ಎಸ್ಟೋನಿಯಾದ ಜನಸಂಖ್ಯೆ ಹದಿಮೂರು ಲಕ್ಷ ಚಿಲ್ಲರೆ. ಅಲ್ಲಿ ಮಾರುವ ಗರಗಸದ ಮೆಷಿನ್ನಿಗೂ ಎಸ್ಟೋನಿಯನ್ ಕೈಪಿಡಿ ಬೇಕು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ.

ಈಗ ಸಾಗರಕ್ಕೆ ಬನ್ನಿ. ಅಣ್ಣ ಎರಡು ವರ್ಷದ ಹಿಂದೆ ಸಾಲ ಮಾಡಿ 1,85,000 ರೂಪಾಯಿ ಕೊಟ್ಟು ಮೂರು ಫೇಸಿನ ರಂದಾ ಮೆಷಿನ್ ತಗೊಂಡ. ಕೈಪಿಡಿ ಇಂಗ್ಲಿಷ್ ಮತ್ತು ಚೀನೀ ಭಾಷೆಯಲ್ಲಿ. ಅಣ್ಣ ಓದೋದು ಕನ್ನಡ ಮಾತ್ರ. ಊರಿನ ಎಲೆಕ್ಟ್ರಿಷಿಯನ್ ಬಂದು ವೈರ್ ಕೊಟ್ಟ. ಮೂರು ಫೇಸಿನಲ್ಲಿ ಎರಡು ವೈರ್ ಅದಲು ಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತೆ ಅನ್ನೋದು ಇಲ್ಲಿರುವ ಎಲೆಕ್ಟ್ರಿಕಲ್ ಇಂಜಿನಿಯರುಗಳಿಗೆ ಗೊತ್ತು. ಮೊದಲ ಹಲಗೆ ಇಟ್ಟ ಕೂಡಲೇ ಅದು ಮುಂದಕ್ಕೆ ಹಾರಿ ಗೋಡೆಗೆ ಬಡಿಯಿತು. ಅಣ್ಣನ ಎಡಗೈ ಹೆಬ್ಬೆರಳಿನ ಉಗುರು ಹೋಯಿತು. ಬೆರಳು ಉಳಿಯಿತು. 'ಮೊದಲ ಬಾರಿ ಚಾಲೂ ಮಾಡುವಾಗ, ಹಲಗೆ ಇಡುವ ಮೊದಲು ತಿರುಗುವ ದಿಕ್ಕು ನೋಡಿ' ಅನ್ನುವ ಸಾಲು ಕೈಪಿಡಿಯಲ್ಲಿ ಇತ್ತು. ಅಣ್ಣ ಅದನ್ನು ನನಗೆ ಫೋಟೋ ಕಳಿಸಿದಾಗ ನಾನೇ ಓದಿ ಹೇಳಿದೆ, ಉಗುರು ಹೋದ ಮೇಲೆ.

ಎರಡು ತಿಂಗಳಿಗೆ ಬೇರಿಂಗ್ ಕಿರುಚತೊಡಗಿ ಮೋಟಾರ್ ಸುಟ್ಟಿತು. ಗ್ಯಾರಂಟಿ ಒಂದು ವರ್ಷ ಇತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಅಣ್ಣ ಸಿನಿಮಾ ಹಿಂದಿಯಲ್ಲಿ ಬೇರಿಂಗ್ ಕಥೆ ಹೇಳುವಾಗ, ಪಾಪ, ಪ್ರಾಮಾಣಿಕ, ಮೊದಲು ವೈರ್ ಉಲ್ಟಾ ಆಗಿದ್ದನ್ನೂ ಸೇರಿಸಿ ಹೇಳಿದ. ಅವರಿಗೆ ಅಷ್ಟೇ ಅರ್ಥ ಆಯ್ತು. 'ಗ್ರಾಹಕರ ವೈರಿಂಗ್ ದೋಷ' ಅಂತ ಬರೆದು ದೂರು ಮುಚ್ಚಿದರು. 'ಅವ್ನಿಗೆ ನಾ ಹೇಳಿದ್ದು ತಿಳೀಲಿಲ್ಲ, ಅವ ಹೇಳಿದ್ದು ನಂಗೆ ತಿಳೀಲಿಲ್ಲ ಮಾರಾಯ, ಸಾಲದ ಕಂತು ಮಾತ್ರ ಇಬ್ಬರಿಗೂ ತಿಳೀತು' ಅಂದ ಅಣ್ಣ. ಡೀಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ನೀವು ಧಂದೆಗೆ ತಗೊಂಡಿದ್ದು, ಗ್ರಾಹಕ ಕಾನೂನು ನಿಮಗೆ ಬರಲ್ಲ' ಅಂದರು.

ಈ ಮಾತು ಕೇಳಿ ನಮ್ಮೂರಿನ ಎಷ್ಟು ಜನ ಬಡಗಿಗಳು, ವೆಲ್ಡರುಗಳು, ಹಿಟ್ಟಿನ ಗಿರಣಿಯವರು ವಾಪಸ್ ಬಂದಿದ್ದಾರೋ. ಅದು ಸರಿಯಲ್ಲ. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಅಂತ ಕಾನೂನಿನಲ್ಲಿ ಇರೋದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಅಂತಲೇ ಕೊಂಡಿದ್ದರೆ ಅದು ವ್ಯಾಪಾರದ ಉದ್ದೇಶ ಅಲ್ಲ ಅಂತ ಅದರ ಕೆಳಗೇ ವಿವರಣೆ ಇದೆ. ಹಳೆಯ ಕಾಯ್ದೆಯಲ್ಲೂ ಇತ್ತು, 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆಯಲ್ಲೂ ಇದೆ. 1995ರಲ್ಲಿ ಸುಪ್ರೀಂ ಕೋರ್ಟ್ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿತು: ತಾನೇ ನಡೆಸಿ ಬದುಕೋಕೆ ಲೇತ್ ಅಥವಾ ಬೇರೆ ಮೆಷಿನ್ ಕೊಂಡವನು ಗ್ರಾಹಕನೇ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಗ್ರಾಹಕನೇ. ಆ ಮೊಕದ್ದಮೆ ಹಾಕಿದ್ದ ಸಂಸ್ಥೆಗೆ ಮಾತ್ರ ಗೆಲುವಾಗಲಿಲ್ಲ, ಅವರ ವ್ಯವಹಾರ ದೊಡ್ಡದಿತ್ತು. ಹೊಸ ಕಾಯ್ದೆಯಲ್ಲಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. 1915 ಅನ್ನುವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡವೂ ಇದೆ.

ನಾನೊಂದು ಪುಟದ ನೋಟಿಸ್ ಕನ್ನಡದಲ್ಲೇ ಬರೆದೆ, ಮ್ಯೂನಿಕ್ ಕಾಗದದ ಅದೇ ಅಚ್ಚು: ದೋಷ, ತಾರೀಖು, ಏನು ಬೇಕು, ಇಷ್ಟು ದಿನದೊಳಗೆ, ಇಲ್ಲದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ಅಣ್ಣ ಸಹಿ ಹಾಕಿ ಡೀಲರಿಗೂ ಕಂಪನಿಗೂ ಕಳಿಸಿದ. ಹದಿನೇಳನೇ ದಿನ ದಾವಣಗೆರೆಯಿಂದ ಒಬ್ಬ ಟೆಕ್ನಿಷಿಯನ್ ಬಂದ, ಕನ್ನಡದವನೇ. ಅರ್ಧ ಗಂಟೆ ಇಬ್ಬರೂ ಮಾತಾಡಿದರು. ಬೇರಿಂಗ್ ಮೊದಲಿಂದಲೇ ಸರಿ ಕೂತಿರಲಿಲ್ಲ ಅಂತ ಅವನೇ ಹೇಳಿ, ಹೊಸ ಮೋಟಾರ್ ಹಾಕಿಸಿದ. ನಾಲ್ಕು ತಿಂಗಳು ಕೆಲಸ ನಿಂತ ನಷ್ಟ ಯಾರೂ ಕೊಡಲಿಲ್ಲ. ಅದಕ್ಕೆ ಆಯೋಗಕ್ಕೆ ಹೋಗೋಣ ಅಂದೆ, ಅಣ್ಣ ಬೇಡ ಅಂದ. ನನಗೆ ಆ ಬೇಜಾರು ಇನ್ನೂ ಇದೆ.

ನೋಟಿಸಿನಲ್ಲಿ ಇನ್ನೊಂದು ಕೇಳಿದ್ದೆವು, ಕನ್ನಡ ಕೈಪಿಡಿ. ಅದಕ್ಕೆ ಉತ್ತರವೇ ಬರಲಿಲ್ಲ. 2019ರ ಕಾಯ್ದೆಯಲ್ಲೇ, ಹಾನಿ ತಪ್ಪಿಸುವಷ್ಟು ಸರಿಯಾದ ಬಳಕೆಯ ಸೂಚನೆ ಇಲ್ಲದಿದ್ದರೆ ತಯಾರಕ ಹೊಣೆ ಅಂತ ಇದೆ. ಯಾವ ಭಾಷೆಯಲ್ಲಿ ಅಂತ ಇಲ್ಲ. ಪೊಟ್ಟಣದ ಮೇಲಿನ ವಿವರಗಳಿಗೆ ಕೇಂದ್ರದ 2011ರ ನಿಯಮ ಹಿಂದಿ ಅಥವಾ ಇಂಗ್ಲಿಷ್ ಅನ್ನುತ್ತೆ, ಬೇರೆ ಭಾಷೆ ಬೇಕಿದ್ದರೆ ಸೇರಿಸಿಕೊಳ್ಳಿ ಅನ್ನುತ್ತೆ. ಕರ್ನಾಟಕದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಅಂತು, ಆದರೆ ಅದು ರಾಜ್ಯದೊಳಗೆ ತಯಾರಾದ ಸರಕಿಗೆ. ಅಣ್ಣನ ಮೆಷಿನ್ ಹೊರಗಿಂದ ಬಂದದ್ದು. ಯುರೋಪಿನ ನಿಯಮ ಕೇಳೋದು ಎಲ್ಲಿ ಮಾರ್ತೀರಿ ಅಂತ, ನಮ್ಮದು ಕೇಳೋದು ಎಲ್ಲಿ ಮಾಡಿದಿರಿ ಅಂತ. ಈ ಒಂದು ಪದದ ವ್ಯತ್ಯಾಸ ಸಾಗರದಲ್ಲಿ ಒಂದು ಉಗುರಿನಷ್ಟಿತ್ತು, ಬೇರೆ ಊರಲ್ಲಿ ಎಷ್ಟಿತ್ತೋ.

ಕಾಯುತ್ತಾ ಕೂರೋದು ಬೇಡ ಅಂತ ನಾನೂ ಅಣ್ಣನೂ ಭಾನುವಾರಗಳಲ್ಲಿ ಫೋನಿನಲ್ಲಿ ಕೂತು ಎಚ್ಚರಿಕೆಯ ಆರು ಪುಟಗಳನ್ನು ನಮ್ಮದೇ ಮಾತಿನಲ್ಲಿ ಬರೆದಿದ್ದೇವೆ. ನಾನು 'ಪರಿಭ್ರಮಣ ದಿಕ್ಕು' ಅಂತ ಬರೆದಿದ್ದೆ. ಅಣ್ಣ ನಕ್ಕು 'ತಿರುಗೋ ಕಡೆ' ಅಂತ ತಿದ್ದಿದ. ಅದನ್ನು ಲ್ಯಾಮಿನೇಟ್ ಮಾಡಿಸಿ ಮೆಷಿನ್ ಪಕ್ಕ ತೂಗು ಹಾಕಿದ್ದಾನೆ, ಪಕ್ಕದೂರಿನ ಇಬ್ಬರು ಬಂದು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ಗರಗಸದ ಮೆಷಿನ್ನಿನದು ಇನ್ನೂ ಆಗಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಬಡಗಿ ಕೆಲಸದವರಿದ್ದರೆ ಅವರು ಬಳಸುವ ಪದಗಳನ್ನು ಕೇಳಿ ನನಗೆ ಮಿಂಚೆ ಬರೆಯಿರಿ. ನೋಟಿಸಿನ ಕನ್ನಡ ಮಾದರಿಯೂ ಇದೆ, ಬೇಕಾದವರಿಗೆ ಕಳಿಸ್ತೀನಿ.

ಹಾಂ, ಹಳೆಯ ಮೆಷಿನ್ನಿನಲ್ಲಿ ಹಳ್ಳ ಬಿದ್ದ ಆ ಎರಡು ಬೀಚ್ ಹಲಗೆಗಳಿದ್ದವಲ್ಲ, ಹೊಸದರಲ್ಲಿ ಹಾಯಿಸಿ ನೆಟ್ಟಗೆ ಮಾಡಿಕೊಂಡೆ. ನೀವೀಗ ಕಾಫಿ ಇಟ್ಟುಕೊಂಡಿರುವ ಮಣೆ ಅದೇ.