ಎದುರಾಳಿಗೆ ಕುರ್ಚಿ: ಆಕ್ಸ್‌ಫರ್ಡಿನಲ್ಲಿ ನಡೆದ ನಂಬಿಕೆಯ ಪರೀಕ್ಷೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ತರಗತಿಯಲ್ಲಿ ವಿದ್ಯಾರ್ಥಿಯ ಆಕ್ಷೇಪವನ್ನು ಮೊದಲು ಬೋರ್ಡಿನ ಮೇಲೆ ಬರೆದು, ಅದನ್ನು ಅವನಿಗಿಂತ ಗಟ್ಟಿಯಾಗಿ ತಿದ್ದಿಕೊಟ್ಟು, ಆಮೇಲೆ ಉತ್ತರಕ್ಕೆ ತೊಡಗುತ್ತಿದ್ದರಂತೆ. ಅವರ ಬಳಿ ಓದಿದವರು ಈಗಲೂ ಇದನ್ನು ನೆನೆಯುತ್ತಾರೆ.

ಕ್ರೈಸ್ತ ನಂಬಿಕೆಯ ಪರವಿರೋಧದ ವಾದಗಳನ್ನೆಲ್ಲ ಇಲ್ಲಿ ಒಪ್ಪಿಸಲಾರೆ. ಅಕ್ವೈನಾಸನ ಐದು ಮಾರ್ಗಗಳು, ಪವಾಡಗಳ ಬಗ್ಗೆ ಹ್ಯೂಮನ ತಕರಾರು, 1948ರ ಜನವರಿ 28ರಂದು ಬಿಬಿಸಿ ಪ್ರಸಾರ ಮಾಡಿದ ರಸೆಲ್–ಕೋಪಲ್‌ಸ್ಟನ್ ಚರ್ಚೆ, ಇವೆಲ್ಲ ಯಾವುದೇ ಪಠ್ಯಪುಸ್ತಕದಲ್ಲಿ ಸಿಗುತ್ತವೆ. ನನ್ನ ಆಸಕ್ತಿ ಆ ಪ್ರಸಾರವಾಗಿ ಐದು ದಿನಕ್ಕೆ, ಫೆಬ್ರುವರಿ 2ರ ಸೋಮವಾರ, ಆಕ್ಸ್‌ಫರ್ಡಿನಲ್ಲಿ ನಡೆದ ಸಭೆಯ ಮೇಲೆ.

ಆ ಸಭೆ ಸೇರಿದ್ದು ಸಾಕ್ರಟಿಕ್ ಕ್ಲಬ್ಬಿನಲ್ಲಿ. ಕ್ಲಬ್ಬಿನ ಸಭೆಗಳು ಶುರುವಾದದ್ದು ಯುದ್ಧದ ನಡುವೆ, 1942ರಲ್ಲಿ. ವಿದ್ಯಾರ್ಥಿನಿಯರ ಧಾರ್ಮಿಕ ಮಾರ್ಗದರ್ಶಕಿಯಾಗಿದ್ದ ಸ್ಟೆಲಾ ಆಲ್ಡ್‌ವಿಂಕಲ್ ಅದನ್ನು ಕಟ್ಟಿದರು, ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ಮೊದಲ ಅಧ್ಯಕ್ಷರು. ಕ್ರೈಸ್ತನೊಬ್ಬ ಪ್ರಬಂಧ ಓದಿದರೆ ನಂಬದವನೊಬ್ಬ ಉತ್ತರಿಸಬೇಕು, ಅವನು ಓದಿದರೆ ಇವನು ಉತ್ತರಿಸಬೇಕು ಎನ್ನುವುದು ಅಲ್ಲಿನ ರೂಢಿ. ಕ್ಲಬ್ ನಡೆಸುತ್ತಿದ್ದವರು ಕ್ರೈಸ್ತರೇ, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಒಳ್ಳೆಯ ನಾಸ್ತಿಕರು ಬೇಕೆಂದು ಗಣ್ಯರ ಪರಿಚಯಕೋಶವನ್ನೇ ಜಾಲಾಡುತ್ತಿದ್ದೆವು ಎಂಬರ್ಥದಲ್ಲಿ ಲೂಯಿಸ್ ಬರೆದಿದ್ದಾರೆ. ನಮ್ಮಲ್ಲಿ ಪರೀಕ್ಷೆ ಎಂದೊಡನೆ 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ರಚಿಸಿದ ಪವಾಡ ತನಿಖಾ ಸಮಿತಿ ನೆನಪಾಗುತ್ತದೆ. ಅಲ್ಲಿ ಪರೀಕ್ಷೆಗೆ ಕರೆದವರು ಹೊರಗಿನವರು. ಆಕ್ಸ್‌ಫರ್ಡಿನಲ್ಲಿ ನಂಬಿದವರೇ ಪರೀಕ್ಷಕರನ್ನು ಹುಡುಕಿಕೊಂಡು ಹೋದರು.

ಇನ್ನು ಆ ಸೋಮವಾರದ ಮಾತು. ಹಿಂದಿನ ವರ್ಷ ಪ್ರಕಟವಾದ ಪವಾಡಗಳ ಕುರಿತ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಲೂಯಿಸ್ ಒಂದು ವಾದ ಹೂಡಿದ್ದರು. ಪ್ರಕೃತಿಯೊಂದೇ ಸತ್ಯವಾದರೆ ನಮ್ಮ ಯೋಚನೆಗಳೆಲ್ಲ ವಿವೇಕವಿಲ್ಲದ ಕಾರಣಗಳ ಫಲ. ಅಂಥ ಯೋಚನೆಯನ್ನು ನಂಬುವುದು ಹೇಗೆ? ಪ್ರಕೃತಿಯೊಂದೇ ಸತ್ಯ ಎಂಬುದೂ ಅಂಥದೇ ಯೋಚನೆಯಲ್ಲವೆ? ಅಂದು ಇದನ್ನು ಎದುರಿಸಿದವರು ನಾಸ್ತಿಕರಲ್ಲ. ವಿಟ್‌ಗೆನ್‌ಸ್ಟೈನರ ಶಿಷ್ಯೆ, ಇಪ್ಪತ್ತೆಂಟರ ಎಲಿಜಬೆತ್ ಆನ್ಸ್‌ಕಂಬ್, ನಿಷ್ಠಾವಂತ ಕ್ಯಾಥೊಲಿಕ್.

ಅವರ ಆಕ್ಷೇಪವನ್ನು ನನ್ನದೇ ಉದಾಹರಣೆಯಲ್ಲಿ ಹೇಳುತ್ತೇನೆ. ಹುಡುಗನೊಬ್ಬ ಹದಿನೇಳಾರಲೆ ನೂರಎರಡು ಎನ್ನುತ್ತಾನೆ. ಹಾಗೆ ಹೇಳುವಾಗ ಅವನ ಮಿದುಳಿನಲ್ಲಿ ಏನೇನು ನಡೆಯಿತು ಎಂಬುದು ಒಂದು ಪ್ರಶ್ನೆ, ಲೆಕ್ಕ ಸರಿಯೇ ಎಂಬುದು ಇನ್ನೊಂದು. ಮೇಷ್ಟ್ರು ನೋಡುವುದು ಲೆಕ್ಕವನ್ನು, ಮಿದುಳನ್ನಲ್ಲ. ಭ್ರಮೆ ಅಥವಾ ಪೂರ್ವಗ್ರಹದಿಂದ ಹುಟ್ಟಿದ ಮಾತನ್ನು ಸಂಶಯಿಸುವುದು ನ್ಯಾಯವೇ. ಆದರೆ ವಿವೇಕವನ್ನು ಕೆಡಿಸುವ ಕಾರಣ ಬೇರೆ, ವಿವೇಕದ ಗೊಡವೆಗೇ ಬಾರದ ಭೌತಿಕ ಕಾರಣ ಬೇರೆ. ಲೂಯಿಸ್ ಎರಡನ್ನೂ ಕಲಸಿದ್ದರು.

ಇಲ್ಲಿಂದ ಮುಂದೆ ಜೀವನಚರಿತ್ರೆಕಾರರಿಗೂ ನನಗೂ ಜಗಳ. ಲೂಯಿಸ್ ಸೋತು ಕುಗ್ಗಿದರು, ಧರ್ಮಸಮರ್ಥನೆಯನ್ನೇ ಬಿಟ್ಟು ಮಕ್ಕಳ ಕಥೆಗಳಿಗೆ ಓಡಿದರು, ನಾರ್ನಿಯಾ ಕಥೆಗಳು ಹುಟ್ಟಿದ್ದು ಆ ಅವಮಾನದಿಂದ ಎಂಬ ಕಥೆ ಜನಪ್ರಿಯವಾಗಿದೆ. 1990ರಲ್ಲಿ ಎ. ಎನ್. ವಿಲ್ಸನ್ ಅದಕ್ಕೆ ಚೆನ್ನಾಗಿ ಒಗ್ಗರಣೆ ಹಾಕಿದರು. ಲೂಯಿಸ್ ನೊಂದಿದ್ದರೆಂದು ಅವರ ಆಪ್ತ ಜಾರ್ಜ್ ಸೇಯರ್ ಕೂಡ ಹೇಳಿದ್ದಾರೆ. ಆ ಸಾಕ್ಷ್ಯವನ್ನು ತಳ್ಳಿಹಾಕಲಾರೆ. ಆದರೆ ಒಬ್ಬರ ಮನಸ್ಸು ಆ ರಾತ್ರಿ ಹೇಗಿತ್ತು ಎಂಬುದರಿಂದ ವಾದದ ಗತಿ ಏನಾಯಿತು ಎಂದು ತೀರ್ಮಾನಿಸುವುದು, ಆನ್ಸ್‌ಕಂಬ್ ಬೇಡವೆಂದ ತಪ್ಪನ್ನೇ ಮತ್ತೆ ಮಾಡಿದ ಹಾಗೆ! ಸ್ವತಃ ಆನ್ಸ್‌ಕಂಬ್ 1981ರಲ್ಲಿ ಆ ಸಭೆಯನ್ನು ನೆನೆದು, ಅದು ಕೆಲವು ನಿರ್ದಿಷ್ಟ ಆಕ್ಷೇಪಗಳ ಗಂಭೀರ ಚರ್ಚೆಯಾಗಿತ್ತು ಎಂದಷ್ಟೇ ಹೇಳಿದರು. 1950ರಲ್ಲಿ ಮುಂದಿನ ಭಾಷಣಕಾರರನ್ನು ಸೂಚಿಸುವಾಗ ಲೂಯಿಸ್ ಆನ್ಸ್‌ಕಂಬರ ಹೆಸರನ್ನೇ ಕೊಟ್ಟರು. ಅವಮಾನ ನುಂಗಿ ಮೂಲೆ ಸೇರಿದವರು ಹೀಗೆ ಮಾಡುತ್ತಾರೆಯೆ?

ನನಗೆ ಮುಖ್ಯ ಸಾಕ್ಷಿ 1960ರ ಪರಿಷ್ಕೃತ ಮುದ್ರಣ. ಮೂರನೆಯ ಅಧ್ಯಾಯದ ಹೆಚ್ಚಿನ ಭಾಗವನ್ನು ಲೂಯಿಸ್ ಹೊಸದಾಗಿ ಬರೆದರು. ಪ್ರಕೃತಿವಾದ ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆ ಎಂದು ಸಾರುತ್ತಿದ್ದ ಶೀರ್ಷಿಕೆ ಹೋಗಿ, ಪ್ರಕೃತಿವಾದಕ್ಕೊಂದು ಪ್ರಧಾನ ತೊಡಕಿದೆ ಎನ್ನುವ ಶೀರ್ಷಿಕೆ ಬಂತು. ಕಾರಣ ಮತ್ತು ಆಧಾರಗಳ ವ್ಯತ್ಯಾಸವನ್ನು ಒಪ್ಪಿಕೊಂಡೇ ಹೊಸ ವಾದ ಹೊರಡುತ್ತದೆ. ಮೊದಲ ಆವೃತ್ತಿಯಲ್ಲಿ ಲೂಯಿಸ್ ನೆರವಿಗೆ ಕರೆದಿದ್ದ ನಾಸ್ತಿಕ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಕೂಡ, ಮಿದುಳು ಬರೀ ಪರಮಾಣುಗಳ ಆಟವಾದರೆ ತನ್ನ ನಂಬಿಕೆಗಳಿಗೆ ಆಧಾರವಿಲ್ಲ ಎಂಬ ತಮ್ಮ ಹಳೆಯ ಮಾತನ್ನು 1954ರಲ್ಲಿ ಹಿಂತೆಗೆದುಕೊಂಡರು. ಲೆಕ್ಕ ಮಾಡುವ ಯಂತ್ರ ಭೌತನಿಯಮಕ್ಕೂ ತರ್ಕನಿಯಮಕ್ಕೂ ಒಟ್ಟಿಗೇ ನಡೆದುಕೊಳ್ಳಬಲ್ಲದು ಎಂಬುದು ಅವರ ಕಾರಣ.

ಇದನ್ನು ಇಷ್ಟು ಬೆಳೆಸಿದ್ದಕ್ಕೆ ಆಂಟನಿ ಫ್ಲೂ ಕಾರಣ. ಮೆಥಡಿಸ್ಟ್ ಪಾದ್ರಿಯ ಮಗನಾದ ಈ ನಾಸ್ತಿಕ ಅದೇ ಕ್ಲಬ್ಬಿನಲ್ಲಿ ಓದಿದ ಸಣ್ಣ ಪ್ರಬಂಧ, 1955ರಲ್ಲಿ ಅವರೇ ಜಂಟಿಯಾಗಿ ಸಂಪಾದಿಸಿದ ಸಂಕಲನದ ಮೂಲಕ ಲೋಕಪ್ರಸಿದ್ಧವಾಯಿತು. ಅದರಲ್ಲಿನ ಕಥೆ ಇದು: ಇಬ್ಬರು ಬಂದು ನೋಡುತ್ತಾರೆ, ಕಾಡಿನ ಬಯಲಲ್ಲಿ ಹೂವೂ ಕಳೆಯೂ ಬೆಳೆದಿವೆ. ತೋಟಗಾರನಿದ್ದಾನೆ ಎನ್ನುತ್ತಾನೆ ಒಬ್ಬ. ಕಾವಲು ಕಾಯುತ್ತಾರೆ, ವಿದ್ಯುತ್ ಬೇಲಿ ಹಾಕುತ್ತಾರೆ, ಬೇಟೆನಾಯಿ ಬಿಡುತ್ತಾರೆ, ಯಾರೂ ಸಿಗುವುದಿಲ್ಲ. ಆಗ ತೋಟಗಾರ ಕಣ್ಣಿಗೆ ಕಾಣದವನಾಗುತ್ತಾನೆ, ಮುಟ್ಟಲು ಸಿಗದವನಾಗುತ್ತಾನೆ, ವಾಸನೆಯೂ ಇಲ್ಲದವನಾಗುತ್ತಾನೆ. ಅವನಿಗೂ ಇಲ್ಲದ ತೋಟಗಾರನಿಗೂ ಏನು ವ್ಯತ್ಯಾಸ? ಗಂಟಲ ಕ್ಯಾನ್ಸರಿನಿಂದ ಮಗು ಸಾಯುತ್ತಿರುವಾಗಲೂ ದೇವರು ಪ್ರೀತಿಸುತ್ತಾನೆ ಎನ್ನುವವರೇ, ಏನಾದರೆ ಆ ಮಾತನ್ನು ಬಿಡುತ್ತೀರಿ?

ಫ್ಲೂಗೆ ತತ್ವಜ್ಞಾನಿ ಆರ್. ಎಂ. ಹೇರ್ ಕೊಟ್ಟ ಉತ್ತರ ನನಗೆ ಸೇರದು. ಧರ್ಮದ ಮಾತುಗಳು ಹೇಳಿಕೆಗಳೇ ಅಲ್ಲ, ಜಗತ್ತನ್ನು ನೋಡುವ ದೃಷ್ಟಿ ಎನ್ನುತ್ತಾರವರು. ಹಾಗಾದರೆ ಕ್ರಿಸ್ತ ಎದ್ದುಬಂದ ಎನ್ನುವುದು ನಿಜವೋ ಸುಳ್ಳೋ ಎಂದು ಕೇಳುವಂತೆಯೇ ಇಲ್ಲ. ಬೆಂಕಿ ಬಿದ್ದೀತೆಂದು ಮನೆಯನ್ನೇ ಕೆಡವಿದಂತಾಯಿತು. ಫ್ಲೂಗೆ ಉತ್ತರಿಸಿದ ಇನ್ನೊಬ್ಬ ತತ್ವಜ್ಞಾನಿ ಬೇಸಿಲ್ ಮಿಚೆಲ್ ಹೆಚ್ಚು ಪ್ರಾಮಾಣಿಕರು. ಶತ್ರು ಆಕ್ರಮಿಸಿದ ದೇಶದಲ್ಲಿ ಪ್ರತಿರೋಧದ ಹೋರಾಟಗಾರನೊಬ್ಬ ಅಪರಿಚಿತನೊಡನೆ ಒಂದು ರಾತ್ರಿ ಮಾತಾಡಿ, ಅವನು ನಮ್ಮವನೇ ಎಂದು ನಂಬುತ್ತಾನೆ. ಮುಂದೆ ಆ ಅಪರಿಚಿತ ಒಮ್ಮೆ ನೆರವಾಗುತ್ತಾನೆ, ಇನ್ನೊಮ್ಮೆ ಪೊಲೀಸ್ ಸಮವಸ್ತ್ರದಲ್ಲಿ ದೇಶಭಕ್ತರನ್ನು ಹಿಡಿದುಕೊಡುತ್ತಾನೆ. ಇದು ತನ್ನ ನಂಬಿಕೆಗೆ ವಿರುದ್ಧದ ಸಾಕ್ಷ್ಯ ಎಂದು ಹೋರಾಟಗಾರ ಒಪ್ಪುತ್ತಾನೆ. ಆದರೂ ನಂಬಿಕೆ ಬಿಡುವುದಿಲ್ಲ. ಎಲ್ಲಿಯವರೆಗೆ? ಮೊದಲೇ ಹೇಳಲಾಗದು ಎಂದರು ಮಿಚೆಲ್. ಅಪರಿಚಿತ ಮನುಷ್ಯ, ಅವನಿಗೆ ಕೈಲಾಗದ್ದು ಇರಬಹುದು; ಸರ್ವಶಕ್ತನಿಗೆ ಆ ನೆಪವಿಲ್ಲ ಎಂದು ಫ್ಲೂ ತಿರುಗಿ ಹೊಡೆದರು. ಆ ಏಟಿಗೆ ಮಿಚೆಲರ ಬಳಿ ಸಾಕಷ್ಟು ಉತ್ತರವಿಲ್ಲ.

ಆದರೆ ನಂಬುವವರು ವಾದವನ್ನು ತಿದ್ದಿದಾಗಲೆಲ್ಲ ಅದು ಪೊಳ್ಳಾಗುತ್ತದೆ ಎಂಬ ಫ್ಲೂ ದೂರನ್ನು ಮಾತ್ರ ಲೂಯಿಸರ ಮೂರನೆಯ ಅಧ್ಯಾಯ ಸುಳ್ಳಾಗಿಸುತ್ತದೆ. ಲೂಯಿಸ್ ಬದಲಿಸಿದ್ದು ವಾದವನ್ನು, ನಂಬಿಕೆಯನ್ನಲ್ಲ ಎಂದು ಫ್ಲೂ ಪಕ್ಷದವರು ಹೇಳಬಹುದು. ಸರಿಯೇ. ಆದರೆ ತಿದ್ದಿದ ವಾದ ಬೇಲಿ ಹಾರುವ ತೋಟಗಾರನಲ್ಲ. ಮೊದಲಿಗಿಂತ ಸಣ್ಣದಾಗಿ, ಎಲ್ಲಿ ಹೊಡೆದರೆ ಬೀಳುತ್ತದೆಂದು ತೋರಿಸುತ್ತ ನಿಂತಿದೆ. ಹೊಸ ರೂಪದಲ್ಲೂ ಆಕ್ಷೇಪಿಸಲು ಅವಕಾಶವಿದೆ ಎಂದು ಆನ್ಸ್‌ಕಂಬರೇ ಬರೆದರು.

2004ರಲ್ಲಿ ಫ್ಲೂ ಒಬ್ಬ ಸೃಷ್ಟಿಕರ್ತ ಇರಬಹುದು ಎಂದಾಗ ಚರ್ಚಿನವರು ಪಟಾಕಿ ಹಚ್ಚಿದರು. ಅವಸರದ ಸಂಭ್ರಮ. ಫ್ಲೂ ಒಪ್ಪಿದ್ದು ಪ್ರಾರ್ಥನೆ ಕೇಳದ, ಮನುಷ್ಯರ ಬದುಕಿನಲ್ಲಿ ಕೈಯಾಡಿಸದ ದೇವರನ್ನು. ಯಾರನ್ನೂ ಪ್ರೀತಿಸುತ್ತೇನೆಂದು ಮಾತು ಕೊಡದ ಆ ದೇವರಿಗೆ, ಗಂಟಲ ಕ್ಯಾನ್ಸರಿನ ಮಗುವಿನ ಬಗ್ಗೆ ಉತ್ತರಿಸುವ ಹೊಣೆಯೂ ಇಲ್ಲ. ಆ ಪ್ರಶ್ನೆ ಮೊದಲಿಂದಲೂ ಕ್ರೈಸ್ತರಿಗೇ ಕೇಳಿದ್ದು. ಕೇಳಿದವರು ಪಕ್ಷ ಬದಲಿಸಿದ ಮಾತ್ರಕ್ಕೆ ಅದು ಇತ್ಯರ್ಥವಾಗಲಿಲ್ಲ.