ಚಳಿಗಾಲದಲ್ಲಿ ಹೈಬ್ರಿಡ್ ಕಾರಿನ ಮೈಲೇಜ್

ದೆಹಲಿಯ ಚಳಿ ಬಂತೆಂದರೆ ಹೈಬ್ರಿಡ್ ಕಾರಿನವರಿಗೆ ಒಂದು ದಿಗಿಲು: "ಅಕ್ಟೋಬರ್‌ನಲ್ಲಿ ಲೀಟರಿಗೆ 22 ಕೊಡುತ್ತಿತ್ತು, ಈಗ ಇಪ್ಪತ್ತೂ ಇಲ್ಲ. ಬ್ಯಾಟರಿ ಹೋಯಿತೇ?"

ಅವಸರ ಬೇಡಿ. ಇಂಜಿನ್ ಆರಿಸಿ ಮೋಟಾರಿನಲ್ಲಿ ಸಾಗುವುದರಲ್ಲೇ ಹೈಬ್ರಿಡ್‌ನ ಉಳಿತಾಯವಿದೆ. ಜನವರಿಯ ಮುಂಜಾನೆ ಇಂಜಿನ್ ಅಷ್ಟು ಸುಲಭವಾಗಿ ಆರುವುದಿಲ್ಲ. ತಾನು ಬಿಸಿಯಾಗಬೇಕು, ಹೊಗೆ ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರ್ ಬಿಸಿಯಾಗಬೇಕು, ನಿಮ್ಮ ಹೀಟರಿಗೂ ಶಾಖ ಬೇಕು. ಮಗುವಿನ ಶಾಲೆ ಮೂರೇ ಕಿಲೋಮೀಟರ್ ದೂರವಿದ್ದರೆ, ಗಾಡಿ ಬೆಚ್ಚಗಾಗುವಷ್ಟರಲ್ಲಿ ದಾರಿಯೇ ಮುಗಿದಿರುತ್ತದೆ! ತಣ್ಣಗಾದ ಬ್ಯಾಟರಿ, ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತನ್ನೂ ಪೂರ್ತಿ ತೆಗೆದುಕೊಳ್ಳದು. ಟೈರಿನ ಗಾಳಿಯೂ ಉಷ್ಣಾಂಶ ಐದಾರು ಡಿಗ್ರಿ ಇಳಿದಂತೆಲ್ಲ ಸುಮಾರು 1 ಪಿಎಸ್‌ಐ ಕುಗ್ಗುತ್ತದೆ. ಮೊದಲು ಬಂಕಿನಲ್ಲಿ ಅದನ್ನು ನೋಡಿಸಿ.

2022ರಲ್ಲಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ ಘೋಷಿಸಿದ 27.97 ಕಿಲೋಮೀಟರ್, ಪ್ರಯೋಗಾಲಯದ ಅಂಕಿ. ನಿಮ್ಮ ಕಾರನ್ನು ಅದೇ ಕಾರಿನ ಕಳೆದ ಜನವರಿಯೊಡನೆ, ಅದೇ ದಾರಿಯಲ್ಲಿ ಹೋಲಿಸಿ. ಟ್ಯಾಂಕ್ ತುಂಬಿಸಿದಾಗಲೆಲ್ಲ ಲೀಟರು, ಕಿಲೋಮೀಟರು ಬರೆದಿಡಿ. ಮಾರ್ಚ್ ಕಳೆದರೂ ಮೈಲೇಜ್ ಮರಳದಿದ್ದರೆ ಬ್ಯಾಟರಿ ಪರೀಕ್ಷೆ ಮಾಡಿಸಿ. ಎಚ್ಚರಿಕೆಯ ದೀಪ ಹೊತ್ತಿದರಂತೂ ಅಲ್ಲಿಯವರೆಗೆ ಕಾಯಬೇಡಿ. ಎರಡೂ ಇಲ್ಲದೆ ಹೊಸ ಬ್ಯಾಟರಿಯ ಮಾತೆತ್ತುವ ಮೆಕ್ಯಾನಿಕ್‌ಗೆ ಮಾತ್ರ ತಲೆಯಾಡಿಸಬೇಡಿ.